ಕಳ್ಳ ಮೇಲ್‌ಗೊಂದು ಮರ್ಯಾದೆಯ ಉತ್ತರ

ಮುಂಬಯಿಯ ಪರೇಲಿನ ಆಸ್ಪತ್ರೆಯೊಂದರಲ್ಲಿ ನಾನು ಮೇಟ್ರನ್, ನರ್ಸುಗಳಿಗೆಲ್ಲ ಮುಖ್ಯಸ್ಥೆ. ಚಾದರದ ಒಂದು ಸುಕ್ಕೂ ನನ್ನ ಕಣ್ಣು ತಪ್ಪಿಸುವುದಿಲ್ಲ. ಆದರೆ ಮೇಜಿನ ಮೇಲೆ ಕಂಪ್ಯೂಟರ್ ಬಂದಂದಿನಿಂದ, ನಿಯಮ ಪಾಲಿಸಿದಷ್ಟೂ ಎಡವಟ್ಟಾಗುತ್ತಿದೆ. ಏಕೆಂದು ಇವತ್ತಿಗೂ ತಿಳಿದಿಲ್ಲ.

ಶಿಷ್ಟಾಚಾರ

ಬಂದ ಪತ್ರಕ್ಕೆ ಉತ್ತರ ಬರೆಯದಿರುವುದು ಅಸಭ್ಯತೆ ಎಂದು ಮಂಗಳೂರಿನ ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು. ಇ-ಮೇಲ್‌ಗೂ ಅದನ್ನೇ ಪಾಲಿಸಿದೆ. ವಿದೇಶದ ಲಾಟರಿ ಗೆದ್ದಿದ್ದೀರಿ ಎಂದವರಿಗೆ, 'ನಾನು ಟಿಕೆಟ್ ಕೊಂಡಿಲ್ಲ, ದಯವಿಟ್ಟು ಕೊಂಡವರಿಗೆ ತಲುಪಿಸಿ' ಎಂದು ಬರೆದೆ. ತೂಕ ಇಳಿಸುವ ಮಾತ್ರೆಯವರಿಗೆ, ನನ್ನ ತೂಕ ನನ್ನ ಸ್ವಂತ ವಿಷಯ ಎಂದು ತಿಳಿಸಿ, ಕೆಳಗೆ ಹೆಸರು, ಹುದ್ದೆ, ಫೋನ್ ನಂಬರ್ ಹಾಕಿದೆ. ಆಮೇಲೆ ಇಂಥ ಮೇಲ್‌ಗಳು ರಾಶಿ ಬಿದ್ದವು.

ಧಾರವಾಡ ಕಡೆಯವರಾದ ನಮ್ಮ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಅದನ್ನು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು.

"ಮೇಡಮ್ಮಾರ, ನೀವು ಉತ್ತರಾ ಬರದ್ರ ಈ ಮನ್ಯಾಗ ಮಂದಿ ಅದಾರ ಅಂತ ಕಳ್ಳರಿಗೆ ಗೊತ್ತಾಗ್ತದರಿ."

"ಇದ್ದೇನಲ್ಲ. ಇಲ್ಲ ಎಂದು ಸುಳ್ಳು ಬರೆಯಲೇ?"

ಮುಖದರ್ಶನ

ಗುರುತಿಲ್ಲದ ನಂಬರಿನಿಂದ ಯಾರು ಏನು ಹೆಸರು ಹೇಳಿದರೂ ನಂಬಬೇಡಿ ಎಂದು ಅವರೇ ಹೊಸ ನಿಯಮ ಕೊಟ್ಟು ಹೋದರು. ಮರುದಿನವೇ ಅಂಥದೊಂದು ಕರೆ.

"ಮೇಟ್ರನ್, ನಾನು ಸೂಪರಿಂಟೆಂಡೆಂಟ್. ನರ್ಸುಗಳ ಡ್ಯೂಟಿ ಪಟ್ಟಿ ಕಳಿಸಿ."

"ಎಲ್ಲಿಂದ ಮಾತಾಡುತ್ತಿದ್ದೀರಿ?"

"ಪಕ್ಕದ ಕೋಣೆಯಿಂದ. ಹೊಸ ಫೋನ್ ತಗೊಂಡೆ."

"ಕಳ್ಳರೂ ಹಾಗೇ ಹೇಳುತ್ತಾರಂತೆ. ಬಂದು ಮುಖ ತೋರಿಸಿ."

ಬಾಗಿಲು ತೆರೆಯಿತು. ಇಡೀ ಆಸ್ಪತ್ರೆಗೆ ದೊಡ್ಡವರಾದ ಡಾಕ್ಟರು ತಲೆಯಷ್ಟೇ ಒಳಗೆ ಹಾಕಿ ಮುಖ ತೋರಿಸಿದರು.

"ಈಗ ಸರಿ," ಎಂದೆ.

ಮೊದಲ ಬೆಂಚು

ಆಮೇಲೆ ಕಂಪ್ಯೂಟರ್ ವಿಭಾಗದಿಂದ, ಮೋಸಹೋಗುವವರು ಯಾರೆಂದು ನೋಡಲು, ಪರೀಕ್ಷೆ ಘೋಷಣೆಯಾಯಿತು. ಎಲ್ಲರಿಗೂ ಒಂದು ಸುಳ್ಳು ಮೇಲ್ ಬರುತ್ತದೆ, ಅದರ ಲಿಂಕ್ ಒತ್ತಿದವರು ನರ್ಸಿಂಗ್ ಹಾಲ್‌ನಲ್ಲಿ ಪಾಠಕ್ಕೆ ಕೂರಬೇಕು. ಆ ಹಾಲ್‌ನಲ್ಲಿ ಪಾಠ ಮಾಡುವವಳು ನಾನು. ಪಾಠ ಒಪ್ಪಿಸದವರನ್ನು ಮೊದಲ ಬೆಂಚಿಗೆ ಕರೆಯುವವಳೂ ನಾನೇ. ಅಲ್ಲಿ ನಾನು ಕೂತರೆ ಮಾರನೆಯ ದಿನ ಯಾವ ನರ್ಸ್ ನನ್ನ ಮಾತು ಕೇಳುತ್ತಾಳೆ?

ಮೇಲ್ ಬಂತು: 'ನಿಮ್ಮ ಪಾಸ್‌ವರ್ಡ್ ಇಂದೇ ಮುಗಿಯುತ್ತದೆ, ಇಲ್ಲಿ ಒತ್ತಿ.' ನಾನು ಒತ್ತಲಿಲ್ಲ. ಸಾಲದೆಂದು, 'ಇದನ್ನು ಯಾರೂ ಒತ್ತಕೂಡದು' ಎಂದು ಬರೆದು ಅದೇ ಮೇಲನ್ನು ಎಲ್ಲ ವಾರ್ಡುಗಳಿಗೂ ಕಳಿಸಿದೆ.

ಸಂಜೆ ಮುಖ್ಯಸ್ಥರು ಬಂದರು. "ಮೇಡಮ್ಮಾರ, ನರ್ಸುಗಳು ತಮಗ ಬಂದದ್ದನ್ನ ಮುಟ್ಟಿಲ್ಲ. ನೀವು ಕಳಿಸಿದ್ದನ್ನ ಎಲ್ಲಾರೂ ಒತ್ತ್ಯಾರ."

ಉಡುಪಿಯವಳಾದ ವಾರ್ಡ್ ಸಿಸ್ಟರನ್ನು ಕರೆಸಿ ಕೇಳಿದೆ.

"ನೀವು ಕಳಿಸಿದ್ದಲ್ವಾ ಮೇಡಂ. ನಿಮ್ಮ ಹೆಸರು ನೋಡಿದ್ದೇ ಒತ್ತಿದ್ದು. ಓದ್ತಾ ಕೂತು ತಡ ಆದ್ರೆ ಬೈಸಿಕೊಳ್ಳುವುದು ಯಾರು?"

"ಹಾಗಾದರೆ ಎಲ್ಲರೂ ಪಾಠಕ್ಕೆ ಕೂರಲಿ."

ಮುಖ್ಯಸ್ಥರು ಗೋಡೆ ನೋಡುತ್ತ ಹೇಳಿದರು. "ಅವರಲ್ಲರಿ. ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಲಿಂಕ್ ಕಳಿಸಿದ್ವಿ. ನಿಮ್ಮ ಲಿಂಕ್ ಯಾರು ಒತ್ತಿದ್ರೂ ನಿಮ್ಮ ಹೆಸರಿಗೇ ಬೀಳ್ತದ. ಇಡೀ ಆಸ್ಪತ್ರ್ಯಾಗ ಸಿಕ್ಕಿಬಿದ್ದವರು ನೀವೊಬ್ಬರ."

ಒತ್ತದವಳು ಸಿಕ್ಕಿಬಿದ್ದದ್ದು ಹೇಗೆಂದು ಅವರು ಮತ್ತೆ ಮತ್ತೆ ವಿವರಿಸಿದರು. ನನಗೆ ಅರ್ಥವಾಗಲಿಲ್ಲ.

ಪಾಠಕ್ಕೆ ಬನ್ನಿ ಎಂಬ ಕರೆ ಇ-ಮೇಲ್‌ನಲ್ಲೇ ಬಂತು. ಕಲಿತ ಪ್ರಕಾರ ತೆರೆಯಲಿಲ್ಲ, ಉತ್ತರಿಸಲಿಲ್ಲ. ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ನಂಬಲಿಲ್ಲ.

ಕೊನೆಗೆ ಬಾಗಿಲು ತೆರೆಯಿತು. ಸೂಪರಿಂಟೆಂಡೆಂಟ್ ತಲೆ ಒಳಗೆ ಹಾಕಿದರು.

"ಮುಖ ಸರಿಯಾಗಿ ನೋಡಿಕೊಳ್ಳಿ ಮೇಟ್ರನ್, ನಾನೇ. ನಡೆಯಿರಿ, ಮೊದಲ ಬೆಂಚು ಪೂರ್ತಿ ಖಾಲಿ ಇದೆ."