ಎರಡು ದಾರಿಗೆ ಒಂದೇ ನಿರ್ಗಮನ

ಬಸ್ ನಿಲ್ದಾಣವನ್ನೂ ಐದು ಮಹಡಿಯ ವಾಹನ ನಿಲುಗಡೆಯನ್ನೂ ಒಂದೇ ಸೂರಿನಡಿ ತಂದ ಮಾನ್ಯ ವಾಸ್ತುಶಿಲ್ಪಿಗಳೇ,

ತಾವೂ ತಮ್ಮ ಮನೆಯವರೂ ಕ್ಷೇಮವಾಗಿದ್ದು, ಎಂದೂ ಬಸ್ಸು ಹಿಡಿಯುವ ಪ್ರಸಂಗ ಬಾರದಿರಲಿ ಎಂದು ಹಾರೈಸುತ್ತಾ, ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದ ನಾನು ನಾಲ್ಕು ಜನ ಓದಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ಊರಿಗೆ ಹೊರಟ ನನ್ನ ಅಕ್ಕ, ನನ್ನ ಮಗಳಿಗೆಂದು ಬರೆದಿಟ್ಟ ಹಾರೈಕೆಯ ಚೀಟಿಯಲ್ಲಿ ನಾಲ್ಕು ಕಾಗುಣಿತದ ತಪ್ಪುಗಳಿದ್ದವು. ನಾನು ಅಭ್ಯಾಸಬಲದಿಂದ ಕೆಂಪು ಶಾಯಿಯಲ್ಲಿ ತಿದ್ದಿಬಿಟ್ಟೆ. ಅಕ್ಕ ಮುಖ ಊದಿಸಿಕೊಂಡು, ತಿಂಡಿಯನ್ನೂ ಮುಟ್ಟದೆ ಕಾರು ಹತ್ತಿದಳು. ಅವಳನ್ನು ನಿಲ್ದಾಣದ ಬಾಗಿಲಲ್ಲಿಳಿಸಿ, ಕಾರು ನಿಲ್ಲಿಸಿ ಬಂದು, ಬಸ್ಸು ಹೊರಡುವುದರೊಳಗೆ ತಪ್ಪಾಯಿತೆಂದು ಹೇಳಬೇಕೆಂಬುದು ನನ್ನ ಎಣಿಕೆ. ಹೇಳದೆ ಕಳಿಸಿದರೆ ಅವಳು ಮತ್ತೆ ನನ್ನ ಮನೆಯ ಮೆಟ್ಟಿಲು ತುಳಿಯುವವಳಲ್ಲ.

ಆದರೆ ತಾವು ದೂರದೃಷ್ಟಿಯುಳ್ಳವರು. ಬಸ್ಸುಗಳು ಹೊರಡುವ ಕಡೆಗೂ ಕಾರುಗಳು ಹೊರಬೀಳುವ ಕಡೆಗೂ ‘ನಿರ್ಗಮನ’ ಎಂಬ ಒಂದೇ ಮಾತನ್ನು ಒಂದೇ ಬಣ್ಣದಲ್ಲಿ, ಒಂದೇ ತರದ ಬಾಣದೊಂದಿಗೆ ಬರೆಸಿದ್ದೀರಿ. ಪದಗಳನ್ನು ಇಷ್ಟು ಹಿಡಿತದಿಂದ ಬಳಸುವವರನ್ನು ನಾನು ನನ್ನ ವೃತ್ತಿಯಲ್ಲೂ ಕಂಡಿಲ್ಲ. ಬಾಣದ ಮಾತು ಕೇಳಿ ನಡೆದ ನಾನು ಮೂರು ಸಲ ಬೀದಿಗೆ ಬಿದ್ದೆ. ಹೊತ್ತು ಮೀರಿತು. ಬಸ್ಸು ಹೋಗಿರಬೇಕೆಂದು ಮತ್ತೆ ಕಾರು ಹತ್ತಿ, ಇಳಿಜಾರನ್ನು ಸುತ್ತಿ ಸುತ್ತಿ ಹೊರಬಾಗಿಲಿಗೆ ಬಂದರೆ, ಎರಡು ಕಾರುಗಳ ನಡುವೆ ಸೂಟ್‌ಕೇಸು ಹಿಡಿದು ಸರದಿಯಲ್ಲಿ ನಿಂತಿದ್ದಾಳೆ ನಮ್ಮಕ್ಕ. ಅವಳೂ ಬಸ್ಸಿಗೆಂದು ‘ನಿರ್ಗಮನ’ ನೋಡಿಕೊಂಡೇ ಬಂದವಳು, ಕಾವಲುಗಾರರು ಅವಳ ಗಾಡಿಯ ಚೀಟಿ ಕೇಳುತ್ತಿದ್ದಾರೆ.

ನನ್ನನ್ನು ಕಂಡವಳೇ ಫಲಕದತ್ತ ಬೆರಳು ಮಾಡಿ, “ನೋಡೋ, ಕಾಗುಣಿತ ಎಲ್ಲಾ ಸರಿಯಾಗೇ ಇದೆ, ಬಸ್ ಮಾತ್ರ ಇಲ್ಲ” ಎಂದಳು. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಹಿಂದಿನ ಕಾರಿನವರು ಹಾರ್ನ್ ಹೊಡೆಯುವವರೆಗೂ ಇಬ್ಬರೂ ನಕ್ಕೆವು. ತಪ್ಪಾಯಿತಕ್ಕಾ ಎಂದು ಅಲ್ಲೇ ಹೇಳಿದೆ. ಬಸ್ಸು ತಪ್ಪಿದ್ದರಿಂದ ಅವಳು ಇನ್ನೊಂದು ದಿನ ಉಳಿದಳು, ಮಗಳಿಗೆ ಹೊಸ ಚೀಟಿಯನ್ನೂ ಬರೆದುಕೊಟ್ಟಳು. ಅದರಲ್ಲಿ ಐದು ತಪ್ಪುಗಳಿದ್ದವು, ನಾನು ಪೆನ್ನಿಗೆ ಕೈ ಹಚ್ಚಲಿಲ್ಲ.

ಆದ್ದರಿಂದ ತಮ್ಮಲ್ಲಿ ಒಂದೇ ಕೋರಿಕೆ: ಮುಂದಿನ ಕಟ್ಟಡದಲ್ಲಿ, ದಾರಿ ತಪ್ಪಿದ ಪ್ರಯಾಣಿಕರನ್ನು ಮಹಡಿ ಮಹಡಿಗೆ ಬಂದು ಹುಡುಕಿ ಹತ್ತಿಸಿಕೊಳ್ಳುವಂತೆ ಬಸ್ಸುಗಳಿಗೂ ಒಂದು ಇಳಿಜಾರು ಕಟ್ಟಿಸಿಕೊಡಿ.

ಸದ್ಯಕ್ಕೆ ಹೊರಗಿರುವ, ತಮ್ಮ ವಿಶ್ವಾಸಿ,
ಕರಡು ತಿದ್ದುವವನು

ತಾ.ಕ.: ಫಲಕ ಬದಲಿಸುವ ಯೋಚನೆ ತಮಗಿದ್ದರೆ ದಯವಿಟ್ಟು ಎರಡು ವಾರ ತಡೆಯಿರಿ. ನನ್ನ ಹೆಂಡತಿಗೂ ಅವಳ ತಂಗಿಗೂ ಆರು ವರ್ಷದಿಂದ ಮಾತಿಲ್ಲ, ಇಬ್ಬರನ್ನೂ ಒಮ್ಮೆ ಕಳಿಸಿಕೊಡುತ್ತೇನೆ. ತಮ್ಮ ಕಟ್ಟಡಕ್ಕೆ ಬೇರೆ ಉಪಯೋಗ ನನಗಿನ್ನೂ ಹೊಳೆದಿಲ್ಲ.