ನಲವತ್ನಾಲ್ಕು ಇಂಚಿನ ಆಸಾಮಿ

ನಾನು ಹೆಂಡತಿಯ ಮೇಲೆ ಸಂಶಯಪಡುವ ಗಂಡಸಲ್ಲ. ಇದನ್ನು ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ. ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ. ಮಡಗಾಂವಿನ ಗುಡ್ಡದ ಮೇಲಿರುವ ನಮ್ಮ ಮೋತಿ ಡೊಂಗರಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಈ ಮನೆಯಲ್ಲಿ ಸೀನಿದರೆ ಆ ಮನೆಯಲ್ಲಿ ಶುಂಠಿ ಜಜ್ಜುತ್ತಾರೆ. ಇಂಥ ಕಡೆ ಗಂಡಂದಿರಿಗೆ ಸಂಶಯವೇ ಎರಡನೆಯ ಕಸುಬು. ನಾನು ಮಾತ್ರ ಈ ದೀಪಾವಳಿಗೆ ಘನವಾದ ಪ್ರತಿಜ್ಞೆಯೊಂದನ್ನು ಮಾಡಿದ್ದೆ. ಅಂಗಡಿಯವನ ತಕ್ಕಡಿ, ಕಂಟ್ರಾಕ್ಟರನ ಮಾತು, ಹೆಂಡತಿಯ ಮೌನ, ಇವು ಯಾವುದನ್ನೂ ಇನ್ನು ಸಂಶಯದಿಂದ ನೋಡುವುದಿಲ್ಲ ಎಂದು! ಪ್ರತಿಜ್ಞೆ ಹದಿಮೂರು ದಿನ ಬಾಳಿತು.

ನನ್ನ ಹೆಸರು ಕಂಠೆಪ್ಪ. ಇಂಡಿ ತಾಲೂಕಿನಿಂದ ಗೋವಾಕ್ಕೆ ಬಂದವನು. ಮಡಗಾಂವಿನ ಅರ್ಧ ಸ್ಲ್ಯಾಬುಗಳ ಹೊಟ್ಟೆಯಲ್ಲಿರುವ ಕಬ್ಬಿಣದ ಸಳಿಗಳನ್ನು ಕಟ್ಟಿದ್ದು ಈ ಕೈ. ಈಗ ಮೇಸ್ತ್ರಿಯಾಗಿದ್ದೇನೆ. ಅಂದರೆ ಸಿಮೆಂಟ್ ಚೀಲದ ಮೇಲೆ ಕೂತು, ಸಳಿ ಕಟ್ಟುವವರನ್ನು ಬೈಯುವುದು ನನ್ನ ಕೆಲಸ. ನನ್ನ ಹೆಂಡತಿ ಸುಂದರವ್ವ ಸ್ವೆಟರ್ ಹೆಣೆಯುತ್ತಾಳೆ. ಗೋವಾದಲ್ಲಿ ಸ್ವೆಟರೇ ಎಂದು ನಗಬೇಡಿ. ಡಿಸೆಂಬರಿನ ಒಂದು ಬೆಳಿಗ್ಗೆ ಸ್ವಲ್ಪ ತಣ್ಣಗಾದರೆ ಸಾಕು, ಇಲ್ಲಿಯವರು ಹಿಮಾಲಯ ಹತ್ತಲು ಹೊರಟವರಂತೆ ಕಿವಿಗೆ ಸುತ್ತಿಕೊಳ್ಳುತ್ತಾರೆ. ಮೊಲೆಂ ಘಾಟು ಹತ್ತಿ ಊರಿಗೆ ಹೋಗುವ ನಮ್ಮ ಜನಕ್ಕಂತೂ ಬಸ್ಸಿನ ಕಿಟಕಿ ಯಾವತ್ತೂ ಮುಚ್ಚುವುದಿಲ್ಲ. ಹೀಗಾಗಿ ಸುಂದರವ್ವನ ಸೂಜಿಗಳಿಗೆ ಬಿಡುವಿಲ್ಲ. ತನ್ನ ತಮ್ಮಂದಿರಿಗೆ, ಅವರ ಮಕ್ಕಳಿಗೆ, ಓಣಿಯ ಬಾಣಂತಿಯರ ಕೂಸುಗಳಿಗೆ, ಹತ್ತಿರದ ಕೆಪೆ ಊರಿನ ಅಂಗಡಿಯೊಂದಕ್ಕೆ, ಎಲ್ಲರಿಗೂ ಹೆಣೆದಳು. ಬಾಡಿಗೆ ಮನೆಯ ಮಾಲಕಿಯ ನೀರಿನ ಬಾಟಲಿಗೂ ಒಂದು ಅಂಗಿ ಹೆಣೆದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನಗೆ ಮಾತ್ರ ಒಂದು ಕರವಸ್ತ್ರದಷ್ಟೂ ಬರಲಿಲ್ಲ. ನಾನು ಕೇಳಲಿಲ್ಲ. ಬಾಟಲಿ ಕೇಳಿತ್ತೇ? ಆದರೆ ಒಳಗೊಳಗೇ ಹೊಟ್ಟೆ ಉರಿಯುತ್ತಿತ್ತು, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಹದಿಮೂರನೆಯ ದಿನ ಕಾಂಕ್ರೀಟಿನ ಲಾರಿ ದಾರಿಯಲ್ಲೇ ಕೆಟ್ಟು ನಿಂತಿತು. ಸ್ಲ್ಯಾಬ್ ಹಾಕುವುದು ಮುಂದಕ್ಕೆ ಹೋಯಿತು. ಹನ್ನೊಂದು ಗಂಟೆಗೇ ಮನೆಗೆ ಬಂದೆ. ನಾನು ಹೊಸ್ತಿಲು ದಾಟುವುದಕ್ಕೂ ಸುಂದರವ್ವ ಏನನ್ನೋ ದಿಂಬಿನ ಕೆಳಗೆ ತುರುಕಿ ಅದರ ಮೇಲೆ ಕೂರುವುದಕ್ಕೂ ಸರಿಹೋಯಿತು.

"ಏನದು?" ಎಂದೆ.

"ಏನೂ ಇಲ್ಲರಿ. ಉಲ್ಲನ್."

"ಉಲ್ಲನ್ ಮ್ಯಾಲೆ ಯಾಕ ಕುಂತಿ?"

"ಫ್ಯಾನಿನ ಗಾಳಿಗಿ ಹಾರತೈತಿ."

"ಕರೆಂಟೇ ಇಲ್ಲಲ್ಲ."

"ಬಂದ ಕೂಡಲೇ ಹಾರತೈತಿ."

"ಯಾರಿಗಿ ಹೆಣಿಯಾಕತ್ತಿ?"

"ಆರ್ಡರ್ ಐತ್ರಿ. ಒಬ್ಬರು ಗಂಡಸರದು. ಚಾ ಕುಡೀತೀರೇನ್ರಿ?"

ನಾನು ಕೇಳುವ ಮೊದಲೇ ಚಹಾ! ಇಪ್ಪತ್ತೆರಡು ವರ್ಷದಲ್ಲಿ ಹೀಗಾಗಿದ್ದು ಎರಡನೆಯ ಸಲ. ಮೊದಲನೆಯ ಸಲ ಅವಳ ತಮ್ಮ ನನ್ನ ಮೋಟರ್ ಸೈಕಲ್ಲನ್ನು ಗಟಾರಕ್ಕೆ ಕೆಡವಿ ಬಂದಿದ್ದ.

ಅವಳು ನಳದ ನೀರಿಗೆ ಹೋದದ್ದೇ ತಡ, ದಿಂಬು ಎತ್ತಿದೆ. ಕಾಫಿ ಬಣ್ಣದ ದಪ್ಪನೆಯ ಸ್ವೆಟರ್. ಎದೆಯ ಮೇಲೆ ಎರಡು ಜಡೆ ಇಳಿಬಿಟ್ಟಂಥ ಹೆಣಿಗೆ. ಸ್ವಂತ ತಮ್ಮಂದಿರಿಗೂ ಅವಳು ಇಂಥ ಕುಸುರಿ ಮಾಡಿದವಳಲ್ಲ. ಸೊಂಟದಲ್ಲಿದ್ದ ಸೈಟಿನ ಟೇಪು ಎಳೆದು ಅಳೆದೆ. ಎದೆ ನಲವತ್ನಾಲ್ಕು ಇಂಚು. ನನ್ನದು ಮೂವತ್ತಾರು. ಮದುವೆಯ ಕೋಟಿಗೆ ಅಳತೆ ತೆಗೆದುಕೊಂಡ ಇಂಡಿಯ ದರ್ಜಿ ಅದನ್ನು ಕೂಗಿ ಹೇಳಿದ್ದು ಈಗಲೂ ಕಿವಿಯಲ್ಲಿದೆ. ಅಲ್ಲಿಗೆ ಎಲ್ಲವೂ ಸ್ಪಷ್ಟವಾಯಿತು. ಈ ಊರಿನಲ್ಲಿ ನಲವತ್ನಾಲ್ಕು ಇಂಚಿನ ಆಸಾಮಿಯೊಬ್ಬ ಓಡಾಡುತ್ತಿದ್ದಾನೆ, ನನ್ನ ಹೆಂಡತಿ ಅವನಿಗಾಗಿ ಜಡೆ ಹೆಣೆಯುತ್ತಿದ್ದಾಳೆ.

ಮೊದಲ ಸಂಶಯ ಹಿಟ್ಟಿನ ಗಿರಣಿಯ ನಾನಪ್ಪನ ಮೇಲೆ. ಸುಂದರವ್ವ ಜೋಳ ಒಯ್ದರೆ ಅವನು ಸರದಿಯಲ್ಲಿ ನಿಲ್ಲಿಸುವುದಿಲ್ಲ. ಇಷ್ಟು ದಿನ ಅದನ್ನು ಅವನ ಒಳ್ಳೆಯತನ ಅಂದುಕೊಂಡಿದ್ದ ನನ್ನ ಮೂರ್ಖತನಕ್ಕೆ ಏನು ಹೇಳಲಿ? ನೇರವಾಗಿ ಗಿರಣಿಗೆ ನುಗ್ಗಿದೆ.

"ನಾನಪ್ಪ, ಸ್ವಲ್ಪ ಕೈ ಎತ್ತು."

"ಯಾಕ್ರಿ ಮೇಸ್ತ್ರಿ?"

"ನಿನ್ನ ಗಿರಣಿ ಬಾಗಲಾ ಸಣ್ಣದೈತಿ. ಹೊಸಾದು ಕೂಡಸಬೇಕಾದ್ರ ನಿನ್ನ ಅಳತಿ ಬೇಕಲ್ಲ."

"ನಾ ಬಾಗಲಾ ಕೇಳೇ ಇಲ್ಲಲ್ರಿ."

"ಕೇಳೂದ್ರಾಗ ಅಳತಿ ತಯಾರ ಇರಬೇಕು."

ನಲವತ್ತೆಂಟು. ಮೈಗೆ ಹತ್ತಿದ ಹಿಟ್ಟು ಕಳೆದರೂ ನಲವತ್ತೇಳು. ನಾನಪ್ಪನನ್ನು ಕೈಬಿಟ್ಟೆ. ಮುಂದಿನವನು ಪಕ್ಕದ ಮನೆಯ ಜಿಲಾನಿ, ಟೆಂಪೊ ಓಡಿಸುವವನು. ಕೆಪೆಯ ಅಂಗಡಿಯಿಂದ ಉಲ್ಲನ್ ಗಂಟು ತಂದುಕೊಡುವವನು ಅವನೇ. ಅವನದು ನಲವತ್ತು. ಉಸಿರು ಎಳೆದುಕೊಳ್ಳಲು ಹೇಳಿದರೆ ನಲವತ್ತೆರಡು. ಇನ್ನೂ ಎಳೆದುಕೋ ಎಂದೆ, ಕೆಮ್ಮು ಬಂತು. ಬಿಟ್ಟೆ. ಆಮೇಲೆ ಕ್ಷೌರಿಕ, ನಳದ ಕೆಲಸದವನು, ಗ್ಯಾಸ್ ತರುವವನು, ಹಿಂದಿನ ಓಣಿಯ ಇಬ್ಬರು ಬ್ರಹ್ಮಚಾರಿಗಳು. ಬ್ರಹ್ಮಚಾರಿಗಳನ್ನು ಎರಡೆರಡು ಸಲ ಅಳೆದೆ. ಮೂರು ದಿನದಲ್ಲಿ ಹತ್ತೊಂಬತ್ತು ಎದೆಗಳು! ಎಲ್ಲವನ್ನೂ ಹಳೆಯ ಸ್ಲ್ಯಾಬ್ ನಕ್ಷೆಯ ಹಿಂದೆ ಬರೆದುಕೊಂಡೆ. ನಲವತ್ನಾಲ್ಕು ಮಾತ್ರ ಸಿಗಲೊಲ್ಲದು. ಕಳ್ಳ ಭಾಳ ಚಾಲಾಕಿ ಇದ್ದ.

ಮೂರನೆಯ ದಿನ ಸಂಜೆ ಜಿಲಾನಿ ನನ್ನನ್ನು ಮೆಟ್ಟಿಲ ಮೇಲೆ ಹಿಡಿದ.

"ಕಂಠೆಪ್ಪಣ್ಣ, ಖರೇ ಹೇಳ್ರಿ. ವೈನಿಯವರು ಎಲ್ಲಾರಿಗೂ ಸ್ವೆಟರ್ ಹೆಣಿಯಾಕತ್ತಾರೇನು?"

ಏನು ಹೇಳಲಿ? ನನ್ನ ಹೆಂಡತಿಯ ಆಸಾಮಿಯನ್ನು ಹುಡುಕುತ್ತಿದ್ದೇನೆ ಎನ್ನಲೇ? "ಹೂಂ" ಎಂದೆ. ಆ ಒಂದು ಹೂಂ ಮೆಟ್ಟಿಲು ಮೆಟ್ಟಿಲು ಇಳಿದು ಇಡೀ ಗುಡ್ಡ ಸುತ್ತಿತು.

ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲ ಮುಂದೆ ಪಡಿತರದಂಗಡಿಯಷ್ಟು ಜನ. ಎಲ್ಲರಿಗಿಂತ ಮುಂದೆ ಜಿಲಾನಿಯ ಹೆಂಡತಿ ಅಖ್ತರಬಾನು.

"ಸುಂದರಕ್ಕ, ನಮ್ಮವರಿಗೆ ಹಳದಿ ಬ್ಯಾಡ್ರಿ. ಹಳದಿ ಹಾಕ್ಕೊಂಡ್ರ ಜೆಸಿಬಿ ಬಂದಂಗ ಕಾಣತಾರ."

"ನನಗ ಬಿಳೀದ ಇರಲಿ ಅಕ್ಕಾರ," ಎಂದ ನಾನಪ್ಪ, "ಹಿಟ್ಟು ಬಿದ್ರೂ ಗೊತ್ತಾಗಂಗಿಲ್ಲ."

ಸುಂದರವ್ವ ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟಳು. "ಯಾವ ಸ್ವೆಟರ್?"

"ಮೇಸ್ತ್ರಿ ಮನಿಮನಿಗಿ ಬಂದು ಅಳತಿ ತಗೊಂಡಾರಲ್ರಿ. ಸ್ವೆಟರಿಗೇನು ಅಂತ ಕೇಳಿದ್ರ ಹೂಂ ಅಂದಾರ," ಎಂದ ಜಿಲಾನಿ.

ಅವಳು ನನ್ನತ್ತ ತಿರುಗಿದಳು. ನನ್ನ ಕಿಸೆಯಿಂದ ಇಣುಕುತ್ತಿದ್ದ ನಕ್ಷೆಯನ್ನು ಎಳೆದು ಬಿಡಿಸಿದಳು. ಹತ್ತೊಂಬತ್ತು ಹೆಸರು, ಹತ್ತೊಂಬತ್ತು ಅಳತೆ. ಪ್ರತಿಯೊಂದರ ಮುಂದೆ ನನ್ನ ಅಕ್ಷರದಲ್ಲಿ ತೀರ್ಪು: ಅಲ್ಲ. ಅಲ್ಲ. ಇವನೂ ಅಲ್ಲ. ಬ್ರಹ್ಮಚಾರಿಗಳ ಮುಂದೆ: ಅಲ್ಲ, ಆದರೂ ಕಣ್ಣಿಟ್ಟಿರಬೇಕು.

"ಏನ ಹುಡುಕಾಕತ್ತಿದ್ರಿ?" ಅವಳ ಧ್ವನಿ ಭಾಳ ಮೆತ್ತಗಿತ್ತು. ಅದು ಒಳ್ಳೆಯ ಲಕ್ಷಣವಲ್ಲ.

"ನಲವತ್ನಾಕು," ಎಂದೆ. "ದಿಂಬಿನ ಕೆಳಗ ಇಟ್ಟೀಯಲ್ಲ ಸ್ವೆಟರ್, ಅದನ್ನ ಹಾಕ್ಕೊಳ್ಳಾಂವನ್ನ."

ಅಖ್ತರಬಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನಪ್ಪ ತನ್ನ ನಲವತ್ತೆಂಟು ಇಂಚಿಗಾಗಿ ದೇವರಿಗೆ ಕೈಮುಗಿದ. ಸುಂದರವ್ವ ನನ್ನ ಸೊಂಟದಿಂದ ಟೇಪು ಕಿತ್ತುಕೊಂಡಳು.

"ಕೈ ಎತ್ರಿ."

"ನನ್ನದು ಮೂವತ್ತಾರು. ನನಗ ಗೊತ್ತೈತಿ."

"ಕೈ ಎತ್ರಿ ಅಂದೆ."

ಎತ್ತಿದೆ. ಟೇಪು ಕಟಕಟ ಎನ್ನುತ್ತ ನನ್ನನ್ನು ಸುತ್ತಿತು. "ಜಿಲಾನಿ ಭಾಯಿ, ಓದ್ರಿ. ನಾ ಓದಿದ್ರ ಇವರು ನಂಬಂಗಿಲ್ಲ," ಎಂದಳು. ಜಿಲಾನಿ ಬಗ್ಗಿ ಓದಿದ. ಮತ್ತೊಮ್ಮೆ ಓದಿದ. ಆಮೇಲೆ ರೋಗಿಯ ಕಡೆಯವರಿಗೆ ಸುದ್ದಿ ಹೇಳುವ ಡಾಕ್ಟರರಂತೆ ನನ್ನ ಭುಜ ಮುಟ್ಟಿದ.

"ನಲವತ್ನಾಕು, ಕಂಠೆಪ್ಪಣ್ಣ."

"ಟೇಪ್ ಜಗ್ಗೇತಿ," ಎಂದೆ.

"ಸ್ಟೀಲ್ ಟೇಪ್ ಎಲ್ಲೆರೆ ಜಗ್ಗತೈತೇನ್ರಿ ಮೇಸ್ತ್ರಿ?" ಎಂದ ನಾನಪ್ಪ.

ಇಡೀ ಮೋತಿ ಡೊಂಗರಿನಲ್ಲಿ ನಾನು ಅಳೆಯದೆ ಬಿಟ್ಟಿದ್ದ ಎದೆ ನನ್ನದೊಂದೇ. ಆದರೂ ಸೋಲೊಪ್ಪಲು ಮನಸ್ಸಿಲ್ಲ. "ಹಂಗಾದ್ರ ನನ್ನ ಅಳತಿ ನಿನಗ ಹೆಂಗ ಗೊತ್ತಾತು? ಯಾವಾಗ ತಗೊಂಡಿ?"

"ದೀಪಾವಳಿ ಮುಂದ ನಿಮ್ಮ ಉಡದಾರ ಹರೀತಲ್ಲ. ಹೊಸಾದು ಕಟ್ಟಿ, ಹಳೇದನ್ನ ತಗದಿಟ್ಟಿದ್ದೆ. ಅದರಲೆ ಅಳದೆ. ಎದಿ ಬ್ಯಾರೆ, ಹೊಟ್ಟಿ ಬ್ಯಾರೆ ಅನ್ನೂ ಭೇದ ನಿಮಗೀಗ ಉಳದಿಲ್ಲ."

ನಮ್ಮ ಕಡೆಯ ಗಂಡಸು ತೊಟ್ಟಿಲಿನಿಂದಲೇ ಸೊಂಟಕ್ಕೆ ಕರಿ ದಾರ ಕಟ್ಟಿಕೊಂಡಿರುತ್ತಾನೆ. ಹರಿದರೆ ಹೊಸದು ಕಟ್ಟುತ್ತಾರೆ, ಯಾಕೆ ಹರಿಯಿತೆಂದು ಯಾರೂ ಕೇಳುವುದಿಲ್ಲ. ನಾನು ಕೇಳಿದ್ದೆ. ಕಳಪೆ ದಾರ ಕೊಟ್ಟಿದ್ದೀಯ ಎಂದು ಅಂಗಡಿಯವನಿಗೆ ಬೈದು ಬಂದಿದ್ದೆ.

"ನನಗ ಅಂತ ಮೊದಲ ಹೇಳಬಾರದಿತ್ತೇನು?"

"ಹೇಳಿದ್ರ ಮುಗಿಯೂದ್ರಾಗ ಊರ ತುಂಬ ಸಾರತಿದ್ರಿ. ಮೊಲೆಂ ದಾಟೂಮುಂದ ನಡಗತೀರಿ, ಈ ಸಲ ಬೆಚ್ಚಗ ಹೋಗಲಿ ಅಂತ ಹೆಣಿಯಾಕತ್ತಿದ್ದೆ." ಅವಳ ಕಣ್ಣು ತುಂಬಿತ್ತು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಅಷ್ಟಕ್ಕೇ ಮುಗಿದಿದ್ದರೆ ಬೈಸಿಕೊಂಡು ಸ್ವೆಟರ್ ಹಾಕಿಕೊಂಡಿರುತ್ತಿದ್ದೆ. ಆದರೆ ಬಾಗಿಲಲ್ಲಿ ಜನ ಕದಲಲಿಲ್ಲ. ಸುಂದರವ್ವ ಅವರ ಮುಖ ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಮ್ಮವರು ಹೂಂ ಅಂದಾರ, ಆ ಮಾತು ಸುಳ್ಳಾಗಬಾರದು. ಅಷ್ಟೂ ಮಂದಿಗಿ ಸ್ವೆಟರ್ ಆಗಂಗಿಲ್ಲ. ಒಂದೊಂದು ಟೋಪಿ ಹೆಣೆದು ಕೊಡ್ತೇನಿ."

ಒಳಗಿನಿಂದ ನನ್ನ ಸ್ವೆಟರ್ ತಂದಳು. ಒಂದು ತೋಳಿಗೆ ಇನ್ನೂ ಸೂಜಿ ಚುಚ್ಚಿಯೇ ಇತ್ತು. ಆ ಸೂಜಿ ಎಳೆದು ಹಾಕಿ, ನನ್ನ ಎರಡೂ ಕೈ ಮುಂದಕ್ಕೆ ಚಾಚಿಸಿ, ಹೆಣಿಗೆ ಬಿಚ್ಚುತ್ತ ಅವುಗಳಿಗೇ ಉಲ್ಲನ್ ಸುತ್ತತೊಡಗಿದಳು. ಜಡೆ ಕುಣಿಕೆ ಕುಣಿಕೆಯಾಗಿ ಬಿಚ್ಚಿಕೊಂಡಿತು. ಇಪ್ಪತ್ತೆರಡು ವರ್ಷಕ್ಕೆ ಬಂದದ್ದು ಇಪ್ಪತ್ತೆರಡು ನಿಮಿಷದಲ್ಲಿ ಹೋಯಿತು. ನನಗೆ ಖರೇನೇ ಅಳು ಬಂತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಮತ್ತ ನನಗ?" ಎಂದೆ, ಆದಷ್ಟು ಸಣ್ಣ ಧ್ವನಿಯಲ್ಲಿ.

"ಮೂವತ್ತಾರು ಅಂದ್ರಲ್ಲ, ಅಲ್ಲಿಗಿ ಬರ್ರಿ. ಆಗ ಹೆಣೆದು ಕೊಡ್ತೇನಿ. ಉಲ್ಲನ್ನೂ ಉಳೀತೈತಿ."

ಹದಿನೈದು ದಿನದಲ್ಲಿ ಮೋತಿ ಡೊಂಗರ್ ತುಂಬ ಕಾಫಿ ಬಣ್ಣದ ಟೋಪಿಗಳು. ಉಲ್ಲನ್ ಸಾಲದ ಕಡೆ ಬೇರೆ ಬಣ್ಣದ ಪಟ್ಟಿ. ನಾನಪ್ಪ ಗಿರಣಿಯ ಸೆಕೆಯಲ್ಲೂ ಟೋಪಿ ತೆಗೆಯುವುದಿಲ್ಲ. ನನ್ನನ್ನು ಕಂಡರೆ ಎಲ್ಲರೂ ತಾವಾಗಿಯೇ ಎರಡೂ ಕೈ ಮೇಲಕ್ಕೆ ಎತ್ತುತ್ತಾರೆ.

ನಾನೂ ಹಠ ತೊಟ್ಟೆ. ಮೂವತ್ತಾರು ಮುಟ್ಟಿಯೇ ತೀರುತ್ತೇನೆ! ನಿನ್ನೆ ಊಟಕ್ಕೆ ಕೂತವನು ಒಂದೇ ರೊಟ್ಟಿ ತಿಂದು ತಟ್ಟೆ ಸರಿಸಿದೆ. ಸುಂದರವ್ವ ಎರಡನೆಯ ರೊಟ್ಟಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಹತ್ತಿರ ಬಂದು ನನ್ನ ಅಂಗಿ ಮೂಸಿದಳು.

"ಒಂದ ರೊಟ್ಟಿ ಸಾಕಾತು?" ಎಂದಳು. "ಯಾರ ಮನಿಯಾಗ ಉಂಡು ಬಂದ್ರಿ?"