ಮುನ್ನೂರ ನಲವತ್ತೊಂದೋ, ನಲವತ್ತೇಳೋ

"ಸುಳ್ಳು ಹೇಳಬ್ಯಾಡ್ರಿ. ಚೀಟಿ ನಿಮ್ಮ ಜೇಬಿನಾಗ ಸಿಕ್ಕದ. ಯಾರ ನಂಬರ್ ಇದು?"

ಕಾವೇರಿಬಾಯಿ ಪಕ್ಕದ ಮನೆ ಗೋವಿಂದಪ್ಪನವರ ಟೆಲಿಫೋನ್ ಡೈರೆಕ್ಟರಿ ಹರವಿಕೊಂಡು ಕೂತಿದ್ದಳು. ಶರ್ಟಿನ ಜೊತೆ ಒಗೆತಕ್ಕೆ ಬಿದ್ದಿದ್ದ ಚೀಟಿಯಲ್ಲಿ ಮೂರು, ನಾಲ್ಕು ನೆಟ್ಟಗಿದ್ದವು. ಕೊನೆಯದು ಒಂದೋ ಏಳೋ. ಆದೋನಿ ಮಾರ್ಕೆಟ್ ಯಾರ್ಡಿನ ಗುಮಾಸ್ತನಾಗಿದ್ದ ಗಂಡ ವಾದಿರಾಜ ಅದನ್ನು ಬೆಳಕಿಗೆ ಹಿಡಿದು ನೋಡಿದ. ಏನೂ ನೆನಪಾಗಲಿಲ್ಲ.

"ರಾಯರ ಆಣೆ, ನನಗ ಗೊತ್ತಿಲ್ಲ."

"ರಾಯರನ್ನ ಬಿಡ್ರಿ. ಅವರ ನಂಬರ್ ಇದರಾಗಿಲ್ಲ."

"ಅಲ್ಲಾ, ಹೆಸರು ಹಿಡಕೊಂಡು ನಂಬರ್ ಹುಡುಕೋ ಪುಸ್ತಕ ಅದು. ನಂಬರ್ ಹಿಡಕೊಂಡು ಹೆಸರು ಹುಡುಕಿದ್ರ ಒಂದೊಂದೇ ಸಾಲು ಓದಬೇಕಾಗ್ತದ."

"ಓದೀನಿ. ಬೆಳಗಿಂದ ಆದೋನಿ ಪೂರ್ತಿ ಓದೀನಿ. ಎರಡು ಸಿಕ್ಕಾವ. ನಲವತ್ತೊಂದು, ಹತ್ತಿ ಮಿಲ್ಲು. ನಲವತ್ತೇಳು, ರಾಮಲಕ್ಷ್ಮಿ, ನರ್ಸು."

"ಮತ್ತ ಇದು ಒಂದೇ!"

"ಆಗಲೇ ಗೊತ್ತಿಲ್ಲ ಅಂದ್ರಿ. ಈಗ ಒಂದು ಅಂತ ಹೆಂಗ ಗೊತ್ತಾತು?"

ವಾದಿರಾಜನಿಗೆ ರಾಮಲಕ್ಷ್ಮಿ ಎಂಬವರನ್ನು ಎಲ್ಲಾದರೂ ನೋಡಿದ್ದೇನೆಯೇ ಎಂದು ತನ್ನ ಮೇಲೇ ಅನುಮಾನ ಹುಟ್ಟಿತು.

"ನಮ್ಮನ್ಯಾಗ ಫೋನೇ ಇಲ್ಲಲ್ಲೇ!"

"ಅದಕ್ಕ ಪೋಸ್ಟಾಫೀಸಿಗೆ ಹೋಗಿ ಮಾಡ್ತೀರಿ."

"ಆಕಿ ನನಗ ಸೂಜಿ ಸುದ್ದಾ ಚುಚ್ಚಿಲ್ಲ!"

ಡೈರೆಕ್ಟರಿ ವಾಪಸ್ ಕೇಳಲು ಗೋವಿಂದಪ್ಪ ಬಾಗಿಲಿಗೆ ಬಂದರು. ಕಾವೇರಿಬಾಯಿ ಚೀಟಿ ಮುಂದಕ್ಕೆ ಚಾಚಿದಳು.

"ನೀವಾರ ಹೇಳ್ರಿ. ಇದು ಒಂದೋ, ಏಳೋ?"

ಗೋವಿಂದಪ್ಪ ಚೀಟಿಯ ಹಿಂದೆ ಮಾಸಿದ್ದ ಮುದ್ರೆಯ ಮೇಲೆ ಬೆರಳಾಡಿಸಿ ನಕ್ಕರು.

"ಏಳೇ ತಾಯಿ. ಗ್ಯಾಸ್ ಬುಕಿಂಗ್ ಚೀಟಿ ಇದು. ನಂದು ನಲವತ್ತೆಂಟು, ಅವತ್ತು ಕ್ಯೂನಾಗ ವಾದಿರಾಜರ ಹಿಂದೇ ನಿಂತಿದ್ದೆ. ಚೀಟಿ ತೋರಿಸಿ ಸಿಲಿಂಡರ್ ಬಿಡಿಸ್ಕೊಳ್ಳಾಕ ನಿನ್ನೆ ಕಡೀ ದಿನ ಇತ್ತು. ಯಾಕ, ತರಲಿಲ್ಲೇನ್ರಿ? ಇನ್ನ ಮೂರು ತಿಂಗಳ ತನಕ ಬುಕಿಂಗೇ ಇಲ್ಲ."

ವಾದಿರಾಜ ಕುಣಿದು ಎದ್ದ.

"ಕೇಳಿದ್ಯಾ? ಗ್ಯಾಸು! ನರ್ಸಲ್ಲ, ಗ್ಯಾಸು!"

ಕಾವೇರಿಬಾಯಿ ಡೈರೆಕ್ಟರಿಯನ್ನು ಮೆಲ್ಲಗೆ ಮುಚ್ಚಿದಳು.

"ತಿಂಗಳಿಂದ 'ಇನ್ನಾ ನಂಬರ್ ಕೊಟ್ಟಿಲ್ಲ ಕಾವೇರಿ' ಅಂತಿದ್ರಿ. ನಂಬರ್ ಜೇಬಿನಾಗಿಟ್ಟು ಮರತು! ಸೀಮೆಎಣ್ಣಿ ಸ್ಟೌವಿಗೆ ಪಂಪ್ ಹೊಡದು ಹೊಡದು ನನ್ನ ರಟ್ಟಿ ಬಿದ್ದುಹೋದ್ವು. ಇನ್ನ ಮೂರು ತಿಂಗಳು ಯಾರು ಹೊಡೀಬೇಕ್ರಿ?"

ಗೋವಿಂದಪ್ಪ ಡೈರೆಕ್ಟರಿ ಎತ್ತಿಕೊಂಡು ಹಿಂದೆ ನೋಡದೆ ನಡೆದರು. ವಾದಿರಾಜ ಚೀಟಿಯನ್ನು ಎರಡೂ ಕೈಯಲ್ಲಿ ಹೆಂಡತಿಯ ಮುಂದೆ ಹಿಡಿದ.

"ಕಾವೇರಿ, ಇದನ್ನ ಆ ನರ್ಸಿನ ಫೋನ್ ನಂಬರ್ ಅಂತನೇ ತಿಳ್ಕೊಳ್ಳೆ, ನಿನಗ ಪುಣ್ಯ ಬರ್ತದ."